ಹಳೇ ಹೈಬ್ರಿಡ್ ಕಾರನ್ನ ಮನೇಲೇ ನೋಡ್ಕೊಳ್ಳೋದು ಹೇಗೆ: ಕಿತ್ತಳೆ ವೈರ್ ಬಿಟ್ಟು ಬಾಕಿ ಕೆಲ್ಸ

ಮೂರು ವರ್ಷದ ಹಿಂದೆ ಬೇಸಿಗೇಲಿ, ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ನನ್ನ 2012ರ ಟೊಯೋಟಾ ಪ್ರಿಯಸ್ (ಪೆಟ್ರೋಲ್ ಇಂಜಿನ್ ಜೊತೆ ದೊಡ್ಡ ಬ್ಯಾಟರಿ, ಮೋಟರ್ ಎರಡೂ ಇರೋ ಹೈಬ್ರಿಡ್ ಕಾರು) ಡ್ಯಾಶ್‌ಬೋರ್ಡಲ್ಲಿ ಕೆಂಪು ತ್ರಿಕೋನ ಹತ್ಕೊಳ್ತು. ಹತ್ರದ ಗ್ಯಾರೇಜಿಗೆ ತಗೊಂಡು ಹೋದೆ, ಅವ್ರು ಹತ್ತು ನಿಮಿಷ ನೋಡಿ ಹೈಬ್ರಿಡ್ ಬ್ಯಾಟರಿ ಹೋಗಿದೆ ಪೂರ್ತಿ ಪ್ಯಾಕ್ ಬದಲಾಯಿಸ್ಬೇಕು ಅಂದ್ರು, ಸಾವಿರಾರು ಡಾಲರ್ ಲೆಕ್ಕ. ಮನೆಗೆ ಬಂದು ಸ್ನೇಹಿತನ ಹತ್ರ ಗಾಡಿ ಕಂಪ್ಯೂಟರ್‌ನ ತೊಂದರೆ ಕೋಡ್ ಓದೋ ಒಂದು ಬ್ಲೂಟೂತ್ ಸ್ಕ್ಯಾನರ್ ಇಸ್ಕೊಂಡು ಹಾಕಿ ನೋಡಿದ್ರೆ ಕೋಡ್ ಬಂದಿದ್ದು ಪಿ0ಎ82. ಅದು ಬ್ಯಾಟರಿ ಹಾಳಾಗಿದೆ ಅನ್ನೋ ಕೋಡೇ ಅಲ್ಲ, ಬ್ಯಾಟರಿ ತಂಪು ಮಾಡೋ ಫ್ಯಾನ್ ಸರಿಯಾಗಿ ಕೆಲ್ಸ ಮಾಡ್ತಿಲ್ಲ ಅನ್ನೋದು. ಹಿಂದಿನ ಸೀಟ್ ಪಕ್ಕದ ಪ್ಲಾಸ್ಟಿಕ್ ಬಿಚ್ಚಿ ಫ್ಯಾನ್ ಹೊರಗೆ ತೆಗೆದೆ, ಮೊದಲಿನ ಓನರ್ ಮನೇಲಿ ನಾಯಿ ಇತ್ತು ಅನ್ಸತ್ತೆ, ರೆಕ್ಕೆ ಕಾಣದ ಹಾಗೆ ಕೂದಲು ಮತ್ತು ಧೂಳು ಸೇರಿ ಕಂಬಳಿ ಥರ ಕೂತಿತ್ತು. ಬ್ರಷ್ ಹಾಕಿ ತೆಗೆದು ವಾಪಸ್ ಜೋಡಿಸ್ದೆ. ಅದೇ ಬ್ಯಾಟರಿ ಇವತ್ತಿಗೂ ಓಡ್ತಾ ಇದೆ.

ಹಾಗಾಗಿ ಹೈಬ್ರಿಡ್ ಗಾಡಿ ಇಟ್ಕೊಂಡಿರೋ ನಮ್ಮವ್ರಿಗೆಲ್ಲ ಹೇಳ್ಬೇಕು ಅನ್ಸಿದ್ದು ಇದು. ಎಲ್ರೂ ಹೆದರೋದು ದೊಡ್ಡ ಬ್ಯಾಟರಿಗೆ, ಆದ್ರೆ ಗಾಡಿ ಮಲಗ್ಸೋದು ಹೆಚ್ಚಾಗಿ ಧೂಳು, ಸಣ್ಣ 12 ವೋಲ್ಟ್ ಬ್ಯಾಟರಿ, ಕೂಲೆಂಟು, ಮಸಿ ಇಂಥವೇ. ಇವನ್ನೆಲ್ಲ ಮನೇಲೇ ನೋಡ್ಕೋಬಹುದು. ನಾನು ಬರೀತಿರೋದು ನನ್ನ ಗಾಡಿ ಬಗ್ಗೆ, ಅಂದ್ರೆ ಅಮೆರಿಕಾದಲ್ಲಿ 2010ರಿಂದ 2015ರ ತನಕ ಬಂದ ಮೂರನೇ ತಲೆಮಾರಿನ ಪ್ರಿಯಸ್, ಇಲ್ಲಿ ಸೆಕೆಂಡ್ ಹ್ಯಾಂಡ್ ತಗೊಳ್ಳೋ ನಮ್ಮ ಹುಡುಗ್ರ ಹತ್ರ ಹೆಚ್ಚಾಗಿ ಇರೋದು ಇದೇ. ಊರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್, ಹೈಕ್ರಾಸ್ ಇಟ್ಕೊಂಡಿರೋರಿಗೆ (ಈ ಮೂರೂ ನಮ್ಮ ಬಿಡದಿ ಫ್ಯಾಕ್ಟರೀಲೇ ತಯಾರಾಗೋದು) ಯಾವುದು ಅನ್ವಯ ಆಗತ್ತೆ ಅಂತ ನಡುನಡುವೆ ಹೇಳ್ತೀನಿ.

ಮೊದಲು ಕಿತ್ತಳೆ ಬಣ್ಣದ ವಿಷ್ಯ

ಬಾನೆಟ್ ತೆಗೆದ್ರೆ ದಪ್ಪದ ಕಿತ್ತಳೆ ಬಣ್ಣದ ಕೇಬಲ್ ಕಾಣತ್ತೆ, ಗಾಡಿ ಕೆಳಗೂ ಡಿಕ್ಕಿ ಒಳಗೂ ಅದೇ ಬಣ್ಣ. ಇದು ಹೈ ವೋಲ್ಟೇಜ್. ಈ ಪ್ರಿಯಸ್‌ನ ಬ್ಯಾಟರೀಲಿ 28 ಮಾಡ್ಯೂಲ್ ಇದಾವೆ, ಒಂದೊಂದು 7.2 ವೋಲ್ಟ್, ಒಟ್ಟು 201.6 ವೋಲ್ಟ್, ಅದನ್ನ ಇನ್ವರ್ಟರ್ (ಬ್ಯಾಟರಿ ಕರೆಂಟನ್ನ ಮೋಟರಿಗೆ ಬೇಕಾದ ಹಾಗೆ ಬದಲಾಯಿಸೋ ಭಾಗ) 650 ವೋಲ್ಟ್ ತನಕ ಏರಿಸತ್ತೆ. ಅದೂ ಡಿಸಿ. ಮುಟ್ಟಿದ್ರೆ ಜೀವ ಹೋಗತ್ತೆ. ಕಿತ್ತಳೆ ಕೇಬಲ್ಲು, ಅದು ಹೋಗಿ ಸೇರೋ ಬೆಳ್ಳಿ ಬಣ್ಣದ ಇನ್ವರ್ಟರ್ ಡಬ್ಬಿ, ಎಸಿ ಕಂಪ್ರೆಸರ್ (ಹೌದು, ಇದ್ರಲ್ಲಿ ಎಸಿ ಕಂಪ್ರೆಸರ್ ಕೂಡ ಹೈ ವೋಲ್ಟೇಜ್‌ನಲ್ಲೇ ಓಡೋದು, ಬೆಲ್ಟೇ ಇಲ್ಲ), ಬ್ಯಾಟರಿ ಪ್ಯಾಕ್‌ನ ಮುಚ್ಚಳ, ಈ ನಾಲ್ಕಕ್ಕೆ ಕೈ ಹಾಕ್ಬೇಡಿ. ನಾನು ಕೆಳಗೆ ಹೇಳೋ ಯಾವ ಕೆಲ್ಸಕ್ಕೂ ಇವನ್ನ ಬಿಚ್ಚೋ ಅಗತ್ಯ ಇಲ್ಲ.

ಇಂಟರ್ನೆಟ್ಟಲ್ಲಿ ಪ್ಯಾಕ್ ಬಿಚ್ಚಿ ಕೆಟ್ಟ ಮಾಡ್ಯೂಲ್ ಒಂದೇ ಬದಲಾಯಿಸೋ ವಿಡಿಯೋ ತುಂಬಾ ಇದಾವೆ. ಅದನ್ನ ಮಾಡೋರು 1000 ವೋಲ್ಟ್ ತಡೆಯೋ ಕ್ಲಾಸ್ 0 ಗ್ಲೌಸ್ ಹಾಕೊಂಡು, 12 ವೋಲ್ಟ್ ತೆಗೆದು, ಪ್ಯಾಕ್‌ನ ಕರೆಂಟ್ ಹೊರಗೆ ಬರದ ಹಾಗೆ ಮಾಡೋ ಕಿತ್ತಳೆ ಸರ್ವಿಸ್ ಪ್ಲಗ್ ಎಳೆದು ಜೇಬಲ್ಲಿ ಇಟ್ಕೊಂಡು, ಕರೆಂಟ್ ಹಿಡಿದಿಟ್ಕೊಳ್ಳೋ ಕೆಪಾಸಿಟರ್ ಖಾಲಿ ಆಗ್ಲಿ ಅಂತ 10 ನಿಮಿಷ ಕಾದು, ಆಮೇಲೂ ಮೀಟರ್ ಹಿಡಿದು ನೋಡಿ ಮುಂದುವರೀತಾರೆ. ಪ್ಲಗ್ ತೆಗೆದ್ರೂ ಪ್ಯಾಕ್ ಒಳಗಿನ ಸೆಲ್‌ಗಳಲ್ಲಿ ಕರೆಂಟ್ ಹಾಗೇ ಇರತ್ತೆ, ಅದು ಮರೀಬಾರ್ದು. ನನ್ನ ಅಭಿಪ್ರಾಯ ಕೇಳಿದ್ರೆ ಆ ಕೆಲ್ಸ ಬೇಡ. ಅಪಾಯದ ಮಾತು ಹಾಗಿರ್ಲಿ, ಒಂದು ಹಳೇ ಮಾಡ್ಯೂಲ್ ಹೋಗಿದೆ ಅಂದ್ರೆ ಅದರ ಜೊತೇಲೇ ಅಷ್ಟೇ ವರ್ಷ ದುಡಿದ ಬಾಕಿ 27 ಕೂಡ ಹೆಚ್ಚು ದಿನ ಬರಲ್ಲ.

ಇನ್ನೊಂದು, ಈ ಗಾಡಿ ನಿಂತಾಗ ಸದ್ದೇ ಇರಲ್ಲ. ಡ್ಯಾಶ್‌ನಲ್ಲಿ ರೆಡಿ ಅಂತ ಲೈಟ್ ಇದ್ರೆ ಗಾಡಿ ಆನ್ ಇದೆ ಅಂತ್ಲೇ ಅರ್ಥ, ಚಾರ್ಜ್ ಕಮ್ಮಿ ಆದ ತಕ್ಷಣ ಇಂಜಿನ್ ತಾನಾಗೇ ಶುರುವಾಗತ್ತೆ, ನಿಮ್ಮ ಕೈ ಫ್ಯಾನ್ ಹತ್ರ ಇದ್ರೂ ಅದಕ್ಕೆ ಗೊತ್ತಾಗಲ್ಲ. ಬಾಗಿಲು ಹಾಕಿದ ಗ್ಯಾರೇಜ್‌ನಲ್ಲಿ ಹೀಗಾದ್ರೆ ಹೊಗೆ ತುಂಬ್ಕೊಂಡು ಉಸಿರಿಗೇ ಅಪಾಯ. ಅದಕ್ಕೇ ಕೆಲ್ಸ ಶುರು ಮಾಡೋ ಮುಂಚೆ ಪವರ್ ಆಫ್ ಮಾಡಿ, ಸ್ಮಾರ್ಟ್ ಕೀ ಮನೆ ಒಳಗೆ ದೂರದಲ್ಲಿ ಇಟ್ಟು ಬನ್ನಿ, ಮಕ್ಕಳ ಕೈಗೆ ಸಿಗದ ಕಡೆ.

12 ವೋಲ್ಟ್ ಬ್ಯಾಟರಿ

ಹೈಬ್ರಿಡ್‌ನಲ್ಲಿ ಇಂಜಿನ್ ತಿರುಗ್ಸೋದು ದೊಡ್ಡ ಬ್ಯಾಟರಿ. ಸಣ್ಣದರ ಕೆಲ್ಸ ಬರೀ ಕಂಪ್ಯೂಟರ್‌ಗಳನ್ನ ಎಬ್ಬಿಸೋದು. ಇದ್ರಿಂದ ಏನಾಗತ್ತೆ ಅಂದ್ರೆ ಬ್ಯಾಟರಿ ಸಾಯೋ ಮುಂಚೆ ಮಾಮೂಲಿ ಕಾರಲ್ಲಿ ಬರೋ ಹಾಗೆ ಇಂಜಿನ್ ನಿಧಾನಕ್ಕೆ ತಿರುಗೋ ಸೂಚನೆ ಬರೋದೇ ಇಲ್ಲ, ಇವತ್ತು ಸರಿ ಇತ್ತು ನಾಳೆ ಬೆಳಿಗ್ಗೆ ಗಾಡಿ ಕಲ್ಲು. ಕೆಲವೊಮ್ಮೆ ಸಂಬಂಧನೇ ಇಲ್ಲದ ಹತ್ತು ವಾರ್ನಿಂಗ್ ಲೈಟ್ ಒಟ್ಟಿಗೆ ಹತ್ತತ್ತೆ, ಜನ ಹೈಬ್ರಿಡ್ ಸಿಸ್ಟಮ್ಮೇ ಹೋಯ್ತು ಅಂದ್ಕೋತಾರೆ.

ನೋಡೋದು ಸುಲಭ. ಮಲ್ಟಿಮೀಟರ್ ತಗೊಂಡು, ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಅಳೀರಿ. 12.5ರ ಮೇಲಿದ್ರೆ ಚೆನ್ನಾಗಿದೆ, 12.2 ಅಥವಾ ಅದಕ್ಕೂ ಕಮ್ಮಿ ಅಂದ್ರೆ ಒಂದ್ಸಲ ಫುಲ್ ಚಾರ್ಜ್ ಮಾಡಿ ಮತ್ತೆ ನೋಡಿ, ಮತ್ತೂ ಇಳೀತಿದ್ರೆ ಬದಲಾಯಿಸಿ. ರೆಡಿ ಲೈಟ್ ಇದ್ದಾಗ 14 ವೋಲ್ಟ್ ಆಸುಪಾಸು ಬರ್ಬೇಕು. ಬ್ಯಾಟರಿ ಇರೋದು ಡಿಕ್ಕಿ ಬಲಗಡೆ ಮೂಲೇಲಿ, ಮುಚ್ಚಳದ ಕೆಳಗೆ. ಕ್ಯಾಬಿನ್ ಒಳಗೇ ಇರೋದ್ರಿಂದ ಇದು ಎಜಿಎಂ (ನೀರು ತುಂಬೋ ಅಗತ್ಯ ಇಲ್ಲದ, ಸೀಲ್ ಮಾಡಿರೋ) ಬ್ಯಾಟರಿ, ಅದಕ್ಕೊಂದು ಸಣ್ಣ ಗ್ಯಾಸ್ ಪೈಪ್ ಇರತ್ತೆ ಹೊರಗೆ ಹೋಗೋಕೆ, ಹೊಸದು ಹಾಕ್ದಾಗ ಆ ಪೈಪ್ ಮರೀದೆ ಸಿಕ್ಕಿಸಿ. ದುಡ್ಡು ಉಳಿಸೋಕೆ ಅಂತ ಮಾಮೂಲಿ ನೀರಿನ ಬ್ಯಾಟರಿ ಹಾಕ್ಬೇಡಿ. ನೆಗೆಟಿವ್ ಮೊದಲು ಬಿಚ್ಚಿ, ಕೊನೇಲಿ ಹಾಕಿ.

ಒಂದು ಮುಖ್ಯವಾದ ವಿಷ್ಯ: ಹಿಂದಿನ ಬಾಗಿಲು ತೆಗೆಯೋದು ಕರೆಂಟ್ ಮೇಲೆ. ಬ್ಯಾಟರಿ ಬಿಚ್ಚಿಟ್ಟು ಡಿಕ್ಕಿ ಬಾಗಿಲು ಮುಚ್ಚಿಬಿಟ್ರೆ ಹೊರಗಿಂದ ತೆಗೆಯಕ್ಕಾಗಲ್ಲ, ಅದಕ್ಕೇ ಲಾಕ್ ಬೀಳೋ ಜಾಗದಲ್ಲಿ ಒಂದು ಟವೆಲ್ ಮಡಚಿ ಇಟ್ಬಿಡಿ. ಬ್ಯಾಟರಿ ಪೂರ್ತಿ ಸತ್ತಿದ್ರೆ ಕೀ ಒಳಗೆ ಬಚ್ಚಿಟ್ಟಿರೋ ಲೋಹದ ಬೀಗದಕೈ ಎಳ್ಕೊಂಡು ಡ್ರೈವರ್ ಬಾಗಿಲು ತೆಗೀರಿ, ಬಾನೆಟ್ ಎತ್ತಿ, ಫ್ಯೂಸ್ ಡಬ್ಬಿ ಒಳಗೆ ಕೆಂಪು ಮುಚ್ಚಳದ ಪ್ಲಸ್ ಟರ್ಮಿನಲ್ ಇದೆ, ಅಲ್ಲಿಗೆ ಜಂಪ್ ಸ್ಟಾರ್ಟರ್‌ನ (ಹೊರಗಿಂದ ಕರೆಂಟ್ ಕೊಡೋ ಬ್ಯಾಟರಿ) ಕೆಂಪು ಕ್ಲಿಪ್, ಕಪ್ಪು ಕ್ಲಿಪ್ ಬಣ್ಣ ಇಲ್ಲದ ಯಾವ್ದಾದ್ರೂ ಗಟ್ಟಿ ಬೋಲ್ಟಿಗೆ. ಸಣ್ಣ ಜಂಪ್ ಸ್ಟಾರ್ಟರ್ ಸಾಕಾಗತ್ತೆ, ಯಾಕಂದ್ರೆ ಇಂಜಿನ್ ತಿರುಗ್ಸೋ ಹೊರೆ ಇಲ್ಲ. ಪ್ಲಸ್ ಮೈನಸ್ ಮಾತ್ರ ಮೂರು ಸಲ ನೋಡ್ಕೊಳ್ಳಿ, ತಿರುಗುಮುರುಗಾದ್ರೆ ದೊಡ್ಡ ಫ್ಯೂಸಿನ ಜೊತೆ ಎಲೆಕ್ಟ್ರಾನಿಕ್ಸ್ ಕೂಡ ಹೋಗ್ಬಹುದು. ಹಾಗೇ ನಿಮ್ಮ ಹೈಬ್ರಿಡ್‌ನಿಂದ ಬೇರೆ ಕಾರಿಗೆ ಜಂಪ್ ಕೊಡಕ್ಕೆ ಹೋಗ್ಬೇಡಿ, ಪಕ್ಕದ ಮನೆಯವ್ರು ಕೇಳಿದ್ರೂ ನಯವಾಗಿ ಬೇಡ ಅನ್ನಿ.

ಊರಿಗೆ ಒಂದೂವರೆ ತಿಂಗಳು ರಜಾ ಹಾಕಿ ಹೋಗೋರು ಯಾರಾದ್ರೂ ಸ್ನೇಹಿತ್ರಿಗೆ ಕೀ ಕೊಟ್ಟು ವಾರಕ್ಕೊಂದ್ಸಲ ಅರ್ಧ ಗಂಟೆ ರೆಡಿಯಲ್ಲಿ ಇಡಕ್ಕೆ ಹೇಳಿ, ಬಯಲಲ್ಲಿ, ಪಿ ಗೇರ್‌ನಲ್ಲಿ. ನ್ಯೂಟ್ರಲ್‌ನಲ್ಲಿ ಇಟ್ರೆ ದೊಡ್ಡ ಬ್ಯಾಟರಿ ಚಾರ್ಜ್ ಆಗಲ್ಲ. ಯಾರೂ ಸಿಗದಿದ್ರೆ 12 ವೋಲ್ಟ್ ನೆಗೆಟಿವ್ ಬಿಚ್ಚಿಟ್ಟು ಹೋಗೋದೂ ಒಂದು ದಾರಿ.

ಬ್ಯಾಟರಿ ಫ್ಯಾನ್

ದೊಡ್ಡ ಬ್ಯಾಟರಿ ಬಿಸಿ ಆದಷ್ಟೂ ಬೇಗ ಮುದಿಯಾಗತ್ತೆ. ಅದನ್ನ ತಂಪು ಮಾಡೋದು ನೀವು ಕೂತಿರೋ ಕ್ಯಾಬಿನ್ ಗಾಳಿ. ಹಿಂದಿನ ಸೀಟಿನ ಬಲಗಡೆ ಪಕ್ಕದಲ್ಲಿ ಒಂದು ಜಾಲರಿ ಇದೆ, ಗಾಳಿ ಒಳಗೆ ಹೋಗೋದು ಅಲ್ಲಿಂದ. ಜನ ಅದರ ಮೇಲೆ ಬ್ಯಾಗ್, ಜಾಕೆಟ್, ಮಗುವಿನ ಕಂಬಳಿ ಎಲ್ಲ ಹಾಕ್ತಾರೆ. ಮೊದಲು ಅದನ್ನ ನಿಲ್ಲಿಸಿ. ತಿಂಗಳಿಗೊಂದ್ಸಲ ವ್ಯಾಕ್ಯೂಮ್ ಹಿಡೀರಿ. ಬೇಸಿಗೇಲಿ ಎಸಿ ಹಾಕ್ಕೊಂಡೇ ಓಡ್ಸಿ, ಮೈಲೇಜ್ ಉಳಿಸೋಕೆ ಅಂತ ಬೆವತುಕೊಂಡು ಕೂತ್ರೆ ಬ್ಯಾಟರಿನೂ ನಿಮ್ಮ ಜೊತೆ ಬೇಯತ್ತೆ.

ವರ್ಷಕ್ಕೋ ಎರಡು ವರ್ಷಕ್ಕೋ ಒಂದ್ಸಲ ಫ್ಯಾನ್ ತೆಗೆದು ಕ್ಲೀನ್ ಮಾಡೋದು ಒಳ್ಳೇದು. ಮೊದಲ ಸಲ ಮೂರು ಗಂಟೆ ಇಟ್ಕೊಳ್ಳಿ. 12 ವೋಲ್ಟ್ ನೆಗೆಟಿವ್ ತೆಗೆದು 90 ಸೆಕೆಂಡ್ ಕಾಯಿರಿ, ಕರ್ಟನ್ ಏರ್‌ಬ್ಯಾಗ್ ವೈರಿಂಗ್ ಆ ಕಡೆನೇ ಹೋಗೋದು, ಹಳದಿ ಕನೆಕ್ಟರ್ ಕಂಡ್ರೆ ಮುಟ್ಬೇಡಿ. ಆಮೇಲೆ ಹಿಂದಿನ ಸೀಟಿನ ಕೂರೋ ಭಾಗ ಮುಂದಿಂದ ಮೇಲಕ್ಕೆ ಎಳೆದ್ರೆ ಕ್ಲಿಪ್ ಬಿಡತ್ತೆ, ಪಕ್ಕದ ಮೆತ್ತೆ, ಡಿಕ್ಕಿ ನೆಲದ ಟ್ರೇಗಳು, ಬಲಗಡೆ ಗೋಡೆ ಪ್ಲಾಸ್ಟಿಕ್ಕು ಒಂದೊಂದಾಗಿ ತೆಗೀತಾ ಹೋಗಿ. ಪ್ಲಾಸ್ಟಿಕ್ ಎಬ್ಬಿಸೋಕೆ ಸ್ಕ್ರೂ ಡ್ರೈವರ್ ಬೇಡ, ಟ್ರಿಮ್ ಟೂಲ್ ಅಂತ ಅಗ್ಗದ ಪ್ಲಾಸ್ಟಿಕ್ ಪಟ್ಟಿ ಸಿಗತ್ತೆ ಅದನ್ನೇ ಬಳಸಿ, ಇಲ್ಲಾಂದ್ರೆ ಅಂಚೆಲ್ಲ ಗೀಚು. ಪ್ರತಿ ಹಂತದಲ್ಲೂ ಫೋನಲ್ಲಿ ಫೋಟೋ ತೆಗೀರಿ, ಬಿಚ್ಚಿದ ಬೋಲ್ಟುಗಳನ್ನ ಇಡ್ಲಿ ತಟ್ಟೆ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಹಾಕಿಡಿ (ನಮ್ಮನೇಲಿ ಒಂದು ಹಳೇ ಇಡ್ಲಿ ತಟ್ಟೆ ಇದಕ್ಕಂತ್ಲೇ ಇದೆ). ಫ್ಯಾನ್ ಕೂತಿರೋದು 10 ಎಂಎಂ ನಟ್ಟುಗಳ ಮೇಲೆ, ಕನೆಕ್ಟರ್ ಒತ್ತಿ ಬಿಡಿಸಿ ಹೊರಗೆ ತೆಗೀರಿ. ಮೆತ್ತಗಿನ ಬ್ರಷ್ ಮತ್ತು ವ್ಯಾಕ್ಯೂಮ್ ಸಾಕು. ಮೋಟರಿಗೆ ನೀರು ಹಾಕ್ಬೇಡಿ, ಏರ್ ಕಂಪ್ರೆಸರ್‌ನಿಂದ ಬ್ಯಾಟರಿ ಕಡೆಗೆ ಧೂಳು ಊದ್ಬೇಡಿ.

ಮೈಸೂರಲ್ಲಿರೋ ನಮ್ಮ ಭಾವನ ಹತ್ರ ಹೈರೈಡರ್ ಇದೆ. ಅವ್ರಿಗೆ ನಾನು ಹೇಳಿದ್ದು ಇಷ್ಟೇ: ನಿಮ್ಮ ಗಾಡೀಲಿ ಗಾಳಿ ಹೋಗೋ ಜಾಲರಿ ಎಲ್ಲಿದೆ ಅಂತ ಮ್ಯಾನುಯಲ್‌ನಲ್ಲಿ ಹುಡುಕಿ, ಅದನ್ನ ಧೂಳಿಲ್ಲದ ಹಾಗೆ ನೋಡ್ಕೊಳ್ಳಿ ಭಾವ, ಒಳಗಡೆ ಏನೂ ಬಿಚ್ಬೇಡಿ. ಭಾರತದಲ್ಲಿ ಈ ಗಾಡಿಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ, ಅದನ್ನ ಕೈಯಾರೆ ಕಳ್ಕೋಬಾರ್ದು. ನಮ್ಮ ಊರಿನ ಧೂಳಿಗೆ ಜಾಲರಿ ಕ್ಲೀನ್ ಮಾಡೋ ಅವಧಿ ಮಾತ್ರ ಇಲ್ಲಿಗಿಂತ ಹತ್ರ ಇರ್ಲಿ.

ಸ್ಕ್ಯಾನರ್ ಒಂದು ಇರ್ಲೇಬೇಕು

ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಹಾಕೋ ಸಣ್ಣ ಬ್ಲೂಟೂತ್ ಡಬ್ಬಿ ಮತ್ತು ಫೋನಲ್ಲಿ ಡಾಕ್ಟರ್ ಪ್ರಿಯಸ್ ಥರದ ಆಪ್. ಕೋಡ್ ಗೊತ್ತಿಲ್ದೆ ಗ್ಯಾರೇಜಿಗೆ ಹೋಗೋದೂ, ಗೊತ್ತಿದ್ದು ಹೋಗೋದೂ ತುಂಬಾ ವ್ಯತ್ಯಾಸ. ಪಿ0ಎ80 ಬಂದ್ರೆ ನಿಜವಾಗ್ಲೂ ಬ್ಯಾಟರಿ ಪ್ಯಾಕ್ ಕೆಟ್ಟಿರೋ ಸೂಚನೆ, ಪಿ0ಎ82 ಫ್ಯಾನು, ಪಿ0ಎ93 ಇನ್ವರ್ಟರ್ ತಂಪಾಗ್ತಿಲ್ಲ ಅಂತ, ಪಿ0401 ಇಜಿಆರ್ (ಸುಟ್ಟ ಹೊಗೆ ವಾಪಸ್ ಇಂಜಿನ್ನಿಗೆ ಕಳಿಸೋ ವ್ಯವಸ್ಥೆ, ಕೊನೇಲಿ ಹೇಳ್ತೀನಿ) ಕಟ್ಕೊಂಡಿದೆ ಅಂತ. ಆಪ್‌ನಲ್ಲಿ 14 ಬ್ಲಾಕ್‌ಗಳ ವೋಲ್ಟೇಜ್ ಕಾಣತ್ತೆ, ಎರಡೆರಡು ಮಾಡ್ಯೂಲ್ ಸೇರಿ ಒಂದು ಬ್ಲಾಕ್. ಎಲ್ಲವೂ ಒಂದೇ ಮಟ್ಟದಲ್ಲಿ ಏರಿ ಇಳಿದ್ರೆ ಸರಿ, ಏರು ರಸ್ತೇಲಿ ಜೋರಾಗಿ ಒತ್ತಿದಾಗ ಒಂದೇ ಬ್ಲಾಕ್ ಬಾಕಿದಕ್ಕಿಂತ ಒಂದು ವೋಲ್ಟಿಗಿಂತ ಹೆಚ್ಚು ಕುಸೀತಿದ್ರೆ ದುಡ್ಡು ಕೂಡಿಡಕ್ಕೆ ಶುರು ಮಾಡಿ. ಗಾಡಿ ಓಡಿಸ್ತಾ ಫೋನ್ ನೋಡ್ಬೇಡಿ, ಪಕ್ಕದಲ್ಲಿ ಕೂತೋರು ನೋಡ್ಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ಮುಂಚೆ ಇದೇ ಸ್ಕ್ಯಾನರ್ ಕಿಸೇಲಿ ಇಟ್ಕೊಂಡು ಹೋಗಿ. ಚಾಸಿ ನಂಬರ್ ಹಾಕಿ ರೀಕಾಲ್ ಬಾಕಿ ಇದ್ಯಾ ಅಂತನೂ ನೋಡಿ, 2014ರಲ್ಲಿ ಈ ಮಾಡೆಲ್ಲಿನ ಸುಮಾರು 19 ಲಕ್ಷ ಗಾಡಿಗಳನ್ನ ಇನ್ವರ್ಟರ್ ಸಾಫ್ಟ್‌ವೇರ್ ಸಲುವಾಗಿ ವಾಪಸ್ ಕರೆಸಿದ್ರು, ಅದು ಆಗಿಲ್ಲಾಂದ್ರೆ ಡೀಲರ್ ಹತ್ರ ಪುಕ್ಕಟೆ ಮಾಡ್ತಾರೆ.

ಆಯಿಲ್, ಫಿಲ್ಟರ್, ಬ್ರೇಕ್

ಇದು ಯಾವ ಕಾರಿಗೂ ಇದ್ದಿದ್ದೇ, ಬೇಗ ಮುಗಿಸ್ತೀನಿ. ಆಯಿಲ್ 0ಡಬ್ಲ್ಯೂ-20 ಸಿಂಥೆಟಿಕ್, ಫಿಲ್ಟರ್ ಸೇರಿ 4.2 ಲೀಟರ್. ಡ್ರೈನ್ ಬೋಲ್ಟ್ 14 ಎಂಎಂ, ಟಾರ್ಕ್ 37 ನ್ಯೂಟನ್ ಮೀಟರ್, ವಾಷರ್ ಹೊಸದು ಹಾಕಿ. ಕಂಪನಿ 10,000 ಮೈಲಿ ಅನ್ನತ್ತೆ, ನಾನು 5,000ಕ್ಕೇ ಬದಲಾಯಿಸ್ತೀನಿ, ಮತ್ತೆ ಹಳೇ ಗಾಡಿಗಳು ಆಯಿಲ್ ಕುಡಿಯೋದು ಸಾಮಾನ್ಯ ಆದ್ರಿಂದ ತಿಂಗಳಿಗೊಂದ್ಸಲ ಡಿಪ್‌ಸ್ಟಿಕ್ ಎಳೆದು ನೋಡಿ. ಏರ್ ಫಿಲ್ಟರ್, ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಐದೈದು ನಿಮಿಷದ ಕೆಲ್ಸ. ತೆಗೆದಾಗ ಇಲಿ ಗೂಡು ಕಟ್ಟಿದ್ಯಾ ನೋಡಿ, ಇಲ್ಲೂ ಊರಲ್ಲೂ ಇದೊಂದು ಕಾಟ ತಪ್ಪಿದ್ದಲ್ಲ.

ಕೂಲೆಂಟ್ ಡಬ್ಬಿ ಎರಡಿದೆ, ಒಂದು ಇಂಜಿನ್ನಿಂದು ಒಂದು ಇನ್ವರ್ಟರಿಂದು. ಎರಡಕ್ಕೂ ಗುಲಾಬಿ ಬಣ್ಣದ ಸೂಪರ್ ಲಾಂಗ್ ಲೈಫ್ ಕೂಲೆಂಟು, ಅದು ನೀರು ಬೆರೆಸೇ ಬರೋದು, ಮತ್ತೆ ನೀರು ಸೇರಿಸ್ಬೇಡಿ. ರೆಡಿಯಲ್ಲಿ ಇಟ್ಟು ಇನ್ವರ್ಟರ್‌ನ ಕೂಲೆಂಟ್ ಡಬ್ಬಿ (ಮೇಲೆ ಹೇಳಿದ ಬೆಳ್ಳಿ ಬಣ್ಣದ ಡಬ್ಬಿ ಅಲ್ಲ) ಒಳಗೆ ಟಾರ್ಚ್ ಬಿಡಿ, ಕೂಲೆಂಟ್ ಅಲ್ಲಾಡ್ತಾ ಇರ್ಬೇಕು. ಕೆರೆ ಥರ ಸುಮ್ನೆ ನಿಂತಿದ್ರೆ ಪಂಪ್ ಹೋಗಿದೆ, ಗಾಡಿ ಓಡಿಸ್ಬೇಡಿ, ಪಂಪ್ ಅಗ್ಗ ಇನ್ವರ್ಟರ್ ಅಲ್ಲ. ಚೆಲ್ಲಿದ ಕೂಲೆಂಟ್ ತಕ್ಷಣ ಒರೆಸಿ ತೊಳೀರಿ, ಸಿಹಿ ಇರತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಸಾಯ್ತವೆ.

ಬ್ರೇಕ್ ಪ್ಯಾಡ್ ವಿಷ್ಯದಲ್ಲಿ ಹೈಬ್ರಿಡ್ ತುಂಬಾ ಉಳಿಸತ್ತೆ, ಮೋಟರೇ ಅರ್ಧಕ್ಕರ್ಧ ಬ್ರೇಕ್ ಹಿಡಿಯೋದ್ರಿಂದ ಪ್ಯಾಡ್ 1,00,000 ಮೈಲಿ ಬಂದಿದ್ದೂ ಇದೆ. ಆದ್ರೆ ಬಳಕೆ ಕಮ್ಮಿ ಆದ್ದಕ್ಕೇ ಕ್ಯಾಲಿಪರ್ (ಪ್ಯಾಡ್ ಒತ್ತೋ ಭಾಗ) ಜಾರೋ ಸ್ಲೈಡ್ ಪಿನ್ನು ತುಕ್ಕು ಹಿಡಿದು ಕಚ್ಕೊಳ್ಳತ್ತೆ. ವರ್ಷಕ್ಕೊಂದ್ಸಲ ಚಕ್ರ ಬಿಚ್ಚಿ, ಪಿನ್ ಒರೆಸಿ ಬ್ರೇಕ್ ಗ್ರೀಸ್ ಸವರಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗ್ಬೇಡಿ, ಸ್ಟ್ಯಾಂಡ್ ಇಡಿ. ಚಕ್ರದ ನಟ್ಟು 103 ನ್ಯೂಟನ್ ಮೀಟರ್. ಇಲ್ಲಿ ಎಚ್ಚರ ಏನಂದ್ರೆ ಡ್ರೈವರ್ ಬಾಗಿಲು ತೆಗೆದ್ರೂ ಬ್ರೇಕ್ ಪಂಪ್ ಎದ್ದು ಪ್ರೆಷರ್ ಕೊಡತ್ತೆ, ಕ್ಯಾಲಿಪರ್ ಬಿಚ್ಚಿರೋವಾಗ ಹಾಗಾದ್ರೆ ಪಿಸ್ಟನ್ ಹೊರಗೆ ಬರ್ಬಹುದು ಇಲ್ಲಾ ಬೆರಳು ಸಿಗಬಹುದು. 12 ವೋಲ್ಟ್ ಬಿಚ್ಚಿಟ್ಟೇ ಮಾಡಿ. ಬ್ರೇಕ್ ಆಯಿಲ್ ಬದಲಾಯಿಸಿ ಗಾಳಿ ತೆಗೆಯೋದಕ್ಕೆ ಕಂಪನಿ ಸ್ಕ್ಯಾನ್ ಟೂಲ್ ಬೇಕು, ಅದನ್ನ ಗೊತ್ತಿರೋರಿಗೇ ಬಿಡಿ.

ಇಜಿಆರ್ ಕ್ಲೀನಿಂಗ್

ಈ ಮಾಡೆಲ್ಲಿನ ನಿಜವಾದ ಕಾಯಿಲೆ ಇದು. ಸುಟ್ಟ ಹೊಗೇಲಿ ಒಂದಿಷ್ಟನ್ನ ತಂಪು ಮಾಡಿ ವಾಪಸ್ ಇಂಜಿನ್ನಿಗೇ ಕಳಿಸೋ ವ್ಯವಸ್ಥೆ ಇಜಿಆರ್. ಆ ತಂಪು ಮಾಡೋ ಕೂಲರ್ ಒಳಗಿನ ಸಣ್ಣ ಸಣ್ಣ ದಾರಿಗಳಲ್ಲಿ ಮಸಿ ಕಟ್ಕೊಳ್ಳತ್ತೆ, ಇಂಜಿನ್ನಿಗೆ ಗಾಳಿ ಹಂಚೋ ಇನ್‌ಟೇಕ್ ಮ್ಯಾನಿಫೋಲ್ಡ್‌ನ ತೂತುಗಳಲ್ಲೂ ಆಯಿಲ್ ಜೊತೆ ಸೇರಿ ಅಂಟು ಥರ ಕೂರತ್ತೆ. ಆಗ ಒಂದು ಸಿಲಿಂಡರಿಗೆ ಹೆಚ್ಚು ಒಂದಕ್ಕೆ ಕಮ್ಮಿ ಹೋಗಿ ಶಾಖದ ಲೆಕ್ಕ ತಪ್ಪತ್ತೆ, ಕೊನೆಗೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲ್) ಹೋಗತ್ತೆ. ಬೆಳಿಗ್ಗೆ ಮೊದಲ ಸಲ ಇಂಜಿನ್ ಶುರುವಾದಾಗ ಗಾಡಿ ಗಡಗಡ ನಡುಗೋದು, ಎಲ್ಲೂ ಸೋರದೇ ಕೂಲೆಂಟ್ ಇಳಿಯೋದು, ಇವೆರಡೂ ಒಟ್ಟಿಗೆ ಬಂದ್ರೆ ಗ್ಯಾಸ್ಕೆಟ್ ಅನುಮಾನ ಪಡಿ. ಅಲ್ಲಿ ತನಕ ಬಿಡ್ದೆ 80,000ದಿಂದ 1,00,000 ಮೈಲಿ ಹೊತ್ತಿಗೆ ಒಂದ್ಸಲ ಕ್ಲೀನ್ ಮಾಡಿಬಿಟ್ರೆ ಗಾಡಿ ಆಯಸ್ಸು ಹೆಚ್ಚತ್ತೆ, ನನ್ನ ಪ್ರಕಾರ ಈ ಗಾಡಿಗೆ ನೀವು ಮಾಡಬಹುದಾದ ಎಲ್ಲಕ್ಕಿಂತ ದೊಡ್ಡ ಉಪಕಾರ ಇದು.

ಶನಿವಾರ ಪೂರ್ತಿ ಬಿಟ್ಕೊಳ್ಳಿ. ಹೊಸ ಗ್ಯಾಸ್ಕೆಟ್‌ಗಳು, ಒಂದು ಕ್ಯಾನ್ ಕೂಲೆಂಟು, ಉದ್ದದ ಎಕ್ಸ್‌ಟೆನ್ಷನ್ನು, ಬಾಗೋ ಸಾಕೆಟ್ ಜಾಯಿಂಟು ಮೊದ್ಲೇ ತಂದಿಟ್ಕೊಳ್ಳಿ. ಇಂಜಿನ್ ರಾತ್ರಿಯಿಂದ ತಣ್ಣಗಿರ್ಬೇಕು, 12 ವೋಲ್ಟ್ ಬಿಚ್ಚಿರ್ಬೇಕು. ವೈಪರ್ ನಿಂತಿರೋ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ, ಆಮೇಲೆ ವೈಪರ್ ಕೈಗಳು, ಅದರ ಕೆಳಗಿನ ಪ್ಲಾಸ್ಟಿಕ್ಕು, ವೈಪರ್ ಮೋಟರು, ಲೋಹದ ತಟ್ಟೆ ತೆಗೀರಿ, ಆಗ ಇಂಜಿನ್ ಹಿಂಭಾಗ ಕಾಣತ್ತೆ. ರೇಡಿಯೇಟರ್ ಕೆಳಗಿನ ತಿರುಪು ಸಡಿಲಿಸಿ ಸ್ವಲ್ಪ ಕೂಲೆಂಟ್ ಇಳಿಸಿ. ಏರ್ ಫಿಲ್ಟರ್ ಡಬ್ಬಿ, ಥ್ರಾಟಲ್ ಬಾಡಿ, ಮ್ಯಾನಿಫೋಲ್ಡು ಈ ಕ್ರಮದಲ್ಲಿ ಹೊರಗೆ ಬರತ್ತೆ. ಮ್ಯಾನಿಫೋಲ್ಡ್ ತೆಗೆದ ತಕ್ಷಣ ಇಂಜಿನ್ ತೂತುಗಳಿಗೆ ಚೊಕ್ಕ ಬಟ್ಟೆ ತುರುಕಿ, ಒಂದು ಸಣ್ಣ ನಟ್ಟು ಒಳಗೆ ಬಿದ್ರೂ ಇಂಜಿನ್ ಬಿಚ್ಬೇಕಾಗತ್ತೆ. ಆಮೇಲೆ ಇಜಿಆರ್ ಪೈಪ್, ವಾಲ್ವು, ಕೂಲರು. ಕೂಲರಿನ ಕೆಳಗಿನ ನಟ್ಟುಗಳು ಕಣ್ಣಿಗೆ ಕಾಣಲ್ಲ, ಕೈಯಲ್ಲೇ ತಡವಿ ಹುಡುಕ್ಬೇಕು, ಇಲ್ಲಿ ಆತುರ ಪಡ್ಬೇಡಿ, ನನಗೆ ಬರೀ ಇದಕ್ಕೇ ಒಂದೂವರೆ ಗಂಟೆ ಹಿಡೀತು.

ಕೂಲರ್ ಸ್ಟೀಲು. ಬಕೆಟ್‌ನಲ್ಲಿ ಕುದಿಯೋ ಹತ್ರದ ಬಿಸಿನೀರು, ಬಟ್ಟೆ ಕಲೆ ತೆಗೆಯೋ ಆಕ್ಸಿಜನ್ ಪೌಡರ್ ಹಾಕಿ ಮುಳುಗಿಸಿಡಿ, ನೀರು ಡಿಕಾಕ್ಷನ್ ಥರ ಕಪ್ಪಾಗತ್ತೆ, ಚೆಲ್ಲಿ ಮತ್ತೆ ಹೊಸದು. ನಾಲ್ಕೈದು ಸಲ ಆದ್ಮೇಲೆ ಈ ಕಡೆಯಿಂದ ಟಾರ್ಚ್ ಹಿಡಿದ್ರೆ ಆ ಕಡೆ ಬೆಳಕು ಕಾಣ್ಬೇಕು, ನೀರು ಹಾಕಿದ್ರೆ ತಡೆ ಇಲ್ದೆ ಸುರೀಬೇಕು. ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕು, ಪಾತ್ರೆ ಸೋಪು ಮತ್ತು ಬಾಟಲ್ ಬ್ರಷ್ ಸಾಕು, ಇಜಿಆರ್ ತೂತುಗಳನ್ನ ಒಂದೊಂದಾಗಿ ಚುಚ್ಚಿ ಬಿಡಿಸಿ. ವಾಲ್ವ್‌ಗೆ ಮೋಟರ್ ಇದೆ, ಅದನ್ನ ನೀರಲ್ಲಿ ಅದ್ದಬೇಡಿ, ಕಾರ್ಬ್ ಕ್ಲೀನರ್ ಬ್ರಷ್‌ಗೆ ಹಾಕಿ ಉಜ್ಜಿ. ಎಲ್ಲ ಪೂರ್ತಿ ಒಣಗಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಬಿಚ್ಚಿದ ಉಲ್ಟಾ ಕ್ರಮದಲ್ಲಿ ಜೋಡ್ಸಿ.

ಕೂಲೆಂಟ್ ತುಂಬಿದ ಮೇಲೆ ಗಾಳಿ ಹೊರಗೆ ಬರಕ್ಕೆ ಇಂಜಿನ್ ಬಿಡದೆ ಓಡ್ತಾ ಇರ್ಬೇಕು, ಆದ್ರೆ ಹೈಬ್ರಿಡ್ ಸುಮ್ನೆ ನಿಂತಾಗ ಇಂಜಿನ್ ಆಫ್ ಮಾಡ್ಬಿಡತ್ತಲ್ಲ, ಅದಕ್ಕೆ ಮೇಂಟೆನೆನ್ಸ್ ಮೋಡ್ ಇದೆ. ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ ಒತ್ತಿ ಇಗ್ನಿಷನ್ ಆನ್ ಮಾಡಿ, ಪಿ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಎರಡು ಸಲ ಒತ್ತಿ, ಬ್ರೇಕ್ ಹಿಡಿದು ನ್ಯೂಟ್ರಲ್‌ಗೆ ಹಾಕಿ ಮತ್ತೆರಡು ಸಲ, ವಾಪಸ್ ಪಿಗೆ ಬಂದು ಮತ್ತೆರಡು ಸಲ, ಆಮೇಲೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ. ಇಷ್ಟೂ ಒಂದು ನಿಮಿಷದ ಒಳಗೆ ಆಗ್ಬೇಕು. ಇಂಜಿನ್ ನಿಲ್ದೇ ಓಡತ್ತೆ. ಹೀಟರ್ ಫುಲ್ ಬಿಸಿಗೆ ಇಟ್ಟು ಕಾಲು ಗಂಟೆ ಬಿಡಿ, ಗಾಳಿ ಬಿಸಿಯಾಗಿ ಬಂದ್ರೆ ಕೂಲೆಂಟ್ ಸುತ್ತು ಹಾಕ್ತಿದೆ ಅಂತ. ಈ ಮೋಡ್‌ನಲ್ಲಿ ರಸ್ತೆಗೆ ಇಳಿಸ್ಬೇಡಿ, ಆಫ್ ಮಾಡಿದ್ರೆ ಮಾಮೂಲಿಗೆ ಬರತ್ತೆ. ಬಿಸಿ ಇದ್ದಾಗ ಮುಚ್ಚಳ ತೆಗೀಬೇಡಿ. ರಾತ್ರಿ ತಣ್ಣಗಾದ ಮೇಲೆ ಡಬ್ಬಿ ಮೇಲೆ ಕೂಲೆಂಟ್ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು ಬೆಳಿಗ್ಗೆ ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕೇಳಿ, ನಡುಕ ಇಲ್ದೆ ಎದ್ರೆ ಸರಿಯಾಗಿ ಕೂತಿದೆ ಅಂತ. ಮುಂದಿನ ಒಂದು ವಾರ ದಿನಾ ಬೆಳಿಗ್ಗೆ ಆ ಗೆರೆ ನೋಡಿ, ಮೊದಲೆರಡು ದಿನ ಉಳಿದ ಗಾಳಿ ಹೋಗಿ ಸ್ವಲ್ಪ ಇಳಿಯತ್ತೆ, ತುಂಬಿ, ಆಮೇಲೂ ಇಳೀತಾನೇ ಇದ್ರೆ ಯಾವ್ದೋ ಪೈಪ್ ಕ್ಲಿಪ್ ಸರಿ ಕೂತಿಲ್ಲ ಇಲ್ಲಾ ಗ್ಯಾಸ್ಕೆಟ್ ಆಗ್ಲೇ ಹೋಗಿದೆ, ಕೂಲಿಂಗ್ ಸಿಸ್ಟಮ್ಮಿಗೆ ಪ್ರೆಷರ್ ಟೆಸ್ಟ್ ಮಾಡಿಸಿ.